ಬಾರದ ಚೆಂಡಿನ ಲೆಕ್ಕ

ಸ್ಮರಣ ಸಂಚಿಕೆಗಾಗಿ ಲೇಖನವನ್ನು ಬಯಸಿದ ಸಂಪಾದಕ ಮಿತ್ರರು ನನ್ನಿಂದ ಛಂದಸ್ಸನ್ನೋ ಅಲಂಕಾರವನ್ನೋ ಕುರಿತ ಬರಹವನ್ನು ನಿರೀಕ್ಷಿಸಿದ್ದರೆ ಅದು ಸಹಜವೇ. ದಶಕಗಳ ಕಾಲ ಕನ್ನಡ ಪಂಡಿತನಾಗಿ ಶಬ್ದಮಣಿದರ್ಪಣವನ್ನು ಪಾಠ ಹೇಳಿಕೊಂಡು ಬಂದವನು ಅಮೆರಿಕದ ಕಾಲೇಜು ಫುಟ್‌ಬಾಲನ್ನು ಕುರಿತು ಬರೆಯಹೊರಟಿರುವುದು ವಾಚಕ ಮಹಾಶಯರಿಗೆ ವಿನೋದವಾಗಿ ತೋರಬಹುದು. ಆದುದರಿಂದ ಕಾರಣವನ್ನು ಮೊದಲೇ ನಿವೇದಿಸುತ್ತೇನೆ.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಓಹಿಯೋ ರಾಜ್ಯದಲ್ಲಿ ಇಂಜಿನಿಯರಾಗಿದ್ದಾನೆ. ಕಳೆದ ಬೇಸಿಗೆಯಲ್ಲಿ ಊರಿಗೆ ಬಂದವನು ನಮ್ಮ ಮನೆಗೂ ಬಂದು, ಊಟವಾದ ಮೇಲೆ ತನ್ನ ಕಂಪ್ಯೂಟರಿನಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದ ತಂಡದ ಹಳೆಯ ಪಂದ್ಯವೊಂದನ್ನು ತೋರಿಸಿದನು. “ಆ ಅಂಚಿನಲ್ಲಿ ನಿಂತಿದ್ದಾನಲ್ಲ ಗುರುಗಳೇ, ಈ ತಂಡದಲ್ಲಿ ಎಲ್ಲರಿಗಿಂತ ದೊಡ್ಡ ಆಟಗಾರ ಅವನೇ” ಎಂದನು. ನಾನು ಒಂದು ಗಂಟೆ ಕಣ್ಣಿಟ್ಟು ನೋಡಿದೆ. ಆ ತರುಣನ ಕಡೆಗೆ ಚೆಂಡು ಬಂದದ್ದು ನನಗೆ ಕಾಣಲೇ ಇಲ್ಲ. “ತಮ್ಮಾ, ಇವನು ಮಾಡಿದ್ದಾದರೂ ಏನು? ಸುಮ್ಮನೆ ಹಿಂದಕ್ಕೂ ಮುಂದಕ್ಕೂ ಓಡಾಡಿದನಷ್ಟೆ” ಎಂದೆ. ಶಿಷ್ಯ ನಕ್ಕು, “ಅದೇ ಗುರುಗಳೇ. ಅವನ ಕಡೆಗೆ ಎಸೆಯುವುದಕ್ಕೆ ಯಾರಿಗೂ ಧೈರ್ಯವಿಲ್ಲ” ಎಂದನು.

ಉತ್ತರ ಚಮತ್ಕಾರವಾಗಿತ್ತು. ಆದರೆ ಚಮತ್ಕಾರದ ಉತ್ತರವೆಲ್ಲ ನಿಜವಾದ ಉತ್ತರವಲ್ಲ. ಏನೂ ಮಾಡದವನಿಗೂ ಇದೇ ಸಮರ್ಥನೆಯನ್ನು ಕೊಡಬಹುದಷ್ಟೆ? ಹಾಗಾದರೆ ಇಂಥ ಆಟಗಾರನ ಪ್ರಾಬಲ್ಯವನ್ನು ಅಳೆಯುವುದು ಹೇಗೆ? ಈ ಪ್ರಶ್ನೆ ನನ್ನನ್ನು ಹಿಡಿದುಬಿಟ್ಟಿತು.

ಆಟದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯಕ. ಇದು ನಮ್ಮ ಮಕ್ಕಳು ಕಾಲಿನಿಂದ ಒದೆಯುವ ಫುಟ್‌ಬಾಲಲ್ಲ. ಎರಡೂ ತುದಿ ಮೊನಚಾಗಿರುವ ಚೆಂಡನ್ನು ಕೈಯಲ್ಲಿ ಹಿಡಿದು ಓಡಿ, ಇಲ್ಲವೆ ಎಸೆದು, ಎದುರಾಳಿಯ ತುದಿಯತ್ತ ಒಯ್ಯುವ ಆಟ. ಕಡೆಗೆ ಹನ್ನೊಂದು ಮಂದಿ. ನಾಲ್ಕು ಯತ್ನಗಳಲ್ಲಿ 10 ಗಜ ಮುಂದುವರಿದರೆ ಮತ್ತೆ ನಾಲ್ಕು ಯತ್ನಗಳು ದೊರೆಯುತ್ತವೆ. ಚೆಂಡನ್ನು ಮುಂದಕ್ಕೆ ಎಸೆಯಲು ನಿಯಮವು ಅನುಮತಿಸಿದ್ದು 1906ರಲ್ಲಿ. ಎಸೆಯುವವನು ಕ್ವಾರ್ಟರ್‌ಬ್ಯಾಕ್, ದೂರ ಓಡಿ ಹಿಡಿಯುವವನು ರಿಸೀವರ್. ಮೈದಾನದ ಅಂಚಿನಲ್ಲಿ ಆ ರಿಸೀವರನನ್ನು ನೆರಳಿನಂತೆ ಹಿಂಬಾಲಿಸಿ ಚೆಂಡು ಅವನ ಕೈಸೇರದಂತೆ ಕಾಯುವವನೇ ಕಾರ್ನರ್‌ಬ್ಯಾಕ್. ಎದುರಾಳಿ ಯಾವ ದಿಕ್ಕಿಗೆ ತಿರುಗುವನೆಂದು ಇವನಿಗೆ ತಿಳಿಯದು. ಹಲವು ವೇಳೆ ಹಿಮ್ಮುಖವಾಗಿ ಓಡುತ್ತಲೇ ಅದನ್ನು ಊಹಿಸಬೇಕು. ಒಮ್ಮೆ ತಪ್ಪಿದರೆ ಅವನ ಹಿಂದೆ ಬಯಲೇ ಬಯಲು. ಸಾಲದ್ದಕ್ಕೆ ದೂರದರ್ಶನದ ಕ್ಯಾಮೆರಾ ಚೆಂಡನ್ನು ಹಿಂಬಾಲಿಸುವುದರಿಂದ ಇವನ ಕೆಲಸದ ಹೆಚ್ಚಿನ ಭಾಗ ಪರದೆಯ ಆಚೆಗೇ ನಡೆದುಹೋಗುತ್ತದೆ. ತರಬೇತುದಾರರು ಹನ್ನೊಂದು ಹನ್ನೊಂದು ಇಪ್ಪತ್ತೆರಡು ಮಂದಿಯೂ ಕಾಣುವಂತೆ ಎತ್ತರದಿಂದ ತೆಗೆದ ಬೇರೆ ಚಿತ್ರಣವನ್ನು ನೋಡುತ್ತಾರೆ.

ಇಂಥವನ ಯೋಗ್ಯತೆಗೆ ಜನರು ಮೊದಲು ಹುಡುಕುವ ಅಂಕಿ ಇಂಟರ್‌ಸೆಪ್ಷನ್. ಎಂದರೆ ಎದುರಾಳಿ ಎಸೆದ ಚೆಂಡನ್ನು ನಡುವೆಯೇ ಹಿಡಿದು ತನ್ನದಾಗಿಸಿಕೊಳ್ಳುವುದು. ಕಣ್ಣಿಗೆ ಹಬ್ಬವೇ ಸರಿ. ಆದರೆ ಈ ಅಂಕಿಯನ್ನು ನೆಚ್ಚಿ ತೀರ್ಪು ಕೊಡುವವನು ಮೋಸಹೋಗುತ್ತಾನೆ. ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಡೆರೆಕ್ ಸ್ಟಿಂಗ್ಲಿ ಜೂನಿಯರ್ ಎಂಬಾತ 2019ರಲ್ಲಿ, ತನ್ನ ಮೊದಲ ವರ್ಷದಲ್ಲಿಯೇ, 6 ಇಂಟರ್‌ಸೆಪ್ಷನ್ ಗಳಿಸಿದನು. ತಂಡ 15 ಪಂದ್ಯಗಳಲ್ಲಿ ಹದಿನೈದನ್ನೂ ಗೆದ್ದು ರಾಷ್ಟ್ರದ ಪ್ರಥಮ ಸ್ಥಾನ ಪಡೆಯಿತು. 2020ರಲ್ಲಿ ಅದೇ ತರುಣನ ಇಂಟರ್‌ಸೆಪ್ಷನ್ ಸಂಖ್ಯೆ ಸೊನ್ನೆ. 2021ರಲ್ಲಿ ಪಾದಕ್ಕೆ ಪೆಟ್ಟಾಗಿ ಆಡಿದ್ದು ಮೂರೇ ಪಂದ್ಯ. ಆದರೂ 2022ರಲ್ಲಿ ವೃತ್ತಿಪರ ತಂಡಗಳು ಸರದಿಯ ಮೇಲೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಇಡೀ ದೇಶಕ್ಕೆ ಮೂರನೆಯವನಾಗಿ ಆಯ್ಕೆಯಾದನು. ಆರರಿಂದ ಸೊನ್ನೆಗೆ ಇಳಿದವನನ್ನು ಬಲ್ಲವರು ಬಿಡಲಿಲ್ಲ. ಅವರು ನೋಡುತ್ತಿದ್ದುದು ಬೇರೇನನ್ನೋ ಇರಬೇಕು.

ತರ್ಕಶಾಸ್ತ್ರದಲ್ಲಿ ಉಪಾಧಿ ಎಂಬುದೊಂದಿದೆ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬುದು ಸರಿ; ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎಂಬುದು ತಪ್ಪು, ಏಕೆಂದರೆ ಹೊಗೆಗೆ ಹಸಿ ಸೌದೆಯೂ ಬೇಕು. ಕಾದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಇಲ್ಲಿಯೂ ಹಾಗೆಯೇ. ಇಂಟರ್‌ಸೆಪ್ಷನ್ ಆಗಬೇಕಾದರೆ ಕಾರ್ನರ್‌ಬ್ಯಾಕಿನ ಸಾಮರ್ಥ್ಯವೊಂದೇ ಸಾಲದು, ಅವನ ಕಡೆಗೆ ಚೆಂಡನ್ನು ಎಸೆಯುವ ಎದುರಾಳಿಯೂ ಬೇಕು. ಸಾಮರ್ಥ್ಯವೆಂಬ ಬೆಂಕಿ ಹೆಚ್ಚಿದಷ್ಟೂ ಎಸೆತವೆಂಬ ಹಸಿ ಸೌದೆ ಕಡಮೆಯಾಗುತ್ತದೆ ಎಂಬುದೇ ಈ ಆಟದ ಸ್ವಾರಸ್ಯ.

ಈಗ ನನ್ನ ಶಿಷ್ಯ ತೋರಿಸಿದ ತರುಣನಿಗೆ ಬರೋಣ. ಆತನ ಹೆಸರು ಅಹ್ಮದ್ ಗಾರ್ಡನರ್, ‘ಸಾಸ್’ ಎಂಬುದು ಪ್ರಸಿದ್ಧವಾದ ಅಡ್ಡಹೆಸರು, ಡೆಟ್ರಾಯಿಟ್ ನಗರದವನು. 2019ರಿಂದ 2021ರವರೆಗೆ ಸಿನ್ಸಿನಾಟಿ ತಂಡದಲ್ಲಿ ಮೂರು ವರ್ಷ ಆಡಿದನು. ಸಾವಿರಕ್ಕೂ ಮಿಕ್ಕ ಬಾರಿ ಎಸೆತಕ್ಕೆದುರಾಗಿ ಕಾವಲು ನಿಂತರೂ ಆತ ಕಾಯುತ್ತಿದ್ದ ರಿಸೀವರನು ಒಮ್ಮೆಯೂ ಚೆಂಡನ್ನು ಹಿಡಿದು ಟಚ್‌ಡೌನ್ ಮಾಡಲಿಲ್ಲವೆಂದು ಚಿತ್ರಣಗಳನ್ನು ಪರಿಶೀಲಿಸಿ ಲೆಕ್ಕವಿಟ್ಟವರು ಹೇಳುತ್ತಾರೆ. ಮೈದಾನದ ಇನ್ನೊಂದು ಅಂಚಿನಲ್ಲಿ ಅದೇ ತಂಡದ ಕೋಬಿ ಬ್ರಯಾಂಟ್ ಎಂಬಾತ ನಿಲ್ಲುತ್ತಿದ್ದನು. 2021ರಲ್ಲಿ ಇಬ್ಬರಿಗೂ ತಲಾ 3 ಇಂಟರ್‌ಸೆಪ್ಷನ್. ಆದರೆ ಕೈಯಿಂದ ತಟ್ಟಿ ನೆಲಕ್ಕುರುಳಿಸಿದ ಎಸೆತಗಳ ಲೆಕ್ಕದಲ್ಲಿ ಬ್ರಯಾಂಟ್ ಬಹಳ ಮುಂದೆ. ಹಿಂಬದಿಯ ಕಾವಲುಗಾರರಲ್ಲಿ ದೇಶಕ್ಕೇ ಶ್ರೇಷ್ಠನಾದವನಿಗೆ 1986ರಿಂದ ಕೊಡುತ್ತಿರುವ ಜಿಮ್ ಥಾರ್ಪ್ ಪ್ರಶಸ್ತಿ ಆ ವರ್ಷ ದೊರೆತದ್ದು ಬ್ರಯಾಂಟನಿಗೆ! ನಾಲ್ಕೇ ತಿಂಗಳಲ್ಲಿ ಡ್ರಾಫ್ಟ್ ನಡೆಯಿತು. ಗಾರ್ಡನರ್ 4ನೆಯವನಾಗಿ ಆಯ್ಕೆಯಾದನು. ಪ್ರಶಸ್ತಿ ಪಡೆದ ಬ್ರಯಾಂಟ್ 109ನೆಯವನಾಗಿ.

ಒಂದೇ ತಂಡ, ಒಂದೇ ಪಂದ್ಯಗಳು, ಒಂದೇ ಎದುರಾಳಿಗಳು. ತೀರ್ಪುಗಳು ಮಾತ್ರ ಎರಡು. ಒಬ್ಬರು ಪದಕ ಕೊಟ್ಟರು, ಇನ್ನೊಬ್ಬರು ಹಣ ಕೊಟ್ಟರು. ನಾಲ್ಕಕ್ಕೂ ನೂರ ಒಂಬತ್ತಕ್ಕೂ ನಡುವೆ ವೇತನದಲ್ಲಿ ಕೋಟಿ ಕೋಟಿಗಳ ಅಂತರವಿದೆ. ಆದ್ದರಿಂದ ಇದು ಕೇವಲ ಕಟ್ಟೆಪುರಾಣವಲ್ಲ.

ಮೀಮಾಂಸಕರಲ್ಲಿ ಭಾಟ್ಟರು ಅನುಪಲಬ್ಧಿ ಎಂಬುದನ್ನು ಆರನೆಯ ಪ್ರಮಾಣವೆಂದು ಒಪ್ಪುತ್ತಾರೆ. ನೆಲದ ಮೇಲೆ ಕೊಡವಿಲ್ಲವೆಂದು ನಮಗೆ ತಿಳಿಯುವುದು ಕೊಡವು ಕಾಣದಿರುವುದರಿಂದ. ಆದರೆ ಅವರು ಒಂದು ಕಟ್ಟು ಹಾಕಿದ್ದಾರೆ: ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಅದು ಪ್ರಮಾಣ. ಇದನ್ನು ಯೋಗ್ಯಾನುಪಲಬ್ಧಿ ಎನ್ನುತ್ತಾರೆ. ಕತ್ತಲ ಕೋಣೆಯಲ್ಲಿ ಕೊಡ ಕಾಣಲಿಲ್ಲವೆಂದು ಕೊಡವೇ ಇಲ್ಲವೆನ್ನಲಾಗದು. ಶಾಸ್ತ್ರ ಓದುವಾಗ ಒಣ ಸೂಕ್ಷ್ಮವೆಂದು ನಾನು ಬೇಸರಪಟ್ಟಿದ್ದ ಈ ಕಟ್ಟು, ಸಿನ್ಸಿನಾಟಿಯ ಮೈದಾನದಲ್ಲಿ ಕೆಲಸಕ್ಕೆ ಬಂದೀತೆಂದು ಎಣಿಸಿರಲಿಲ್ಲ. ಗಾರ್ಡನರನ ಕಡೆಗೆ ಚೆಂಡು ಬರಲಿಲ್ಲ, ನಿಜ. ಬರಬೇಕಾದ ಸ್ಥಿತಿಯಿದ್ದೂ ಬರಲಿಲ್ಲವೇ? ಪ್ರಶ್ನೆ ಇಷ್ಟೇ.

ಬಾರದಿರಲು ಬೇರೆ ಕಾರಣಗಳು ಹಲವು. ಮುಂದಿನ ಸಾಲಿನ ಬಲಶಾಲಿಗಳು ಕ್ವಾರ್ಟರ್‌ಬ್ಯಾಕನ್ನು ಕ್ಷಣಮಾತ್ರದಲ್ಲಿ ಮುತ್ತಿದರೆ ಅವನಿಗೆ ದೂರದ ಅಂಚನ್ನು ನೋಡಲೂ ಸಮಯವಿರದು. ಆಗ ಕೀರ್ತಿ ಕಾರ್ನರ್‌ಬ್ಯಾಕಿನದಲ್ಲ. ಕಾವಲಿನಲ್ಲಿಯೂ ಎರಡು ಬಗೆ. ಆಳಿಗೆ ಆಳು ನಿಲ್ಲುವುದು ಒಂದು. ಮೈದಾನವನ್ನು ಭಾಗ ಮಾಡಿಕೊಂಡು ತಮ್ಮ ತಮ್ಮ ಭಾಗವನ್ನು ಕಾಯುವುದು ಇನ್ನೊಂದು. ಎರಡನೆಯದರಲ್ಲಿ ಹಿಡಿತವಾದರೂ ತಪ್ಪಿದರೂ ಯಾರ ಖಾತೆಗೆ ಬರೆಯಬೇಕೆಂಬುದೇ ವಿವಾದ. ಮೈದಾನದ ಅಳತೆಯೂ ಸಾಕ್ಷಿ ಹೇಳುತ್ತದೆ. ಅಗಲ 160 ಅಡಿ. ಪ್ರತಿಯೊಂದು ಯತ್ನದಲ್ಲಿಯೂ ಚೆಂಡನ್ನು ಇಡುವುದು ನಡುವಣ ಎರಡು ಗೆರೆಸಾಲುಗಳ ಮಿತಿಯೊಳಗೆ. ವೃತ್ತಿಪರ ಆಟದಲ್ಲಿ ಈ ಸಾಲುಗಳಿಗೆ ಅಂತರ ಹದಿನೆಂಟೂವರೆ ಅಡಿ; ಕಾಲೇಜು ಆಟದಲ್ಲಿ 40 ಅಡಿ. ಆದುದರಿಂದ ಕಾಲೇಜಿನಲ್ಲಿ ಚೆಂಡು ಒಂದು ಸಾಲಿನ ಮೇಲಿದ್ದರೆ ಒಂದು ಬದಿಗೆ 60 ಅಡಿ, ಇನ್ನೊಂದು ಬದಿಗೆ 100 ಅಡಿ. ಅಗಲದ ಬದಿಯ ಅಂಚಿಗೆ ಎಸೆಯಲು ರಟ್ಟೆ ಬೇಕು, ಚೆಂಡು ಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತದೆ. ಕಿರಿದಾದ ಬದಿಯಲ್ಲಿ ಎಸೆತ ಸುಲಭ, ಆದರೆ ಗಡಿಗೆರೆಯೇ ಕಾವಲುಗಾರನಿಗೆ ಜೊತೆಗಾರ. ಯಾವ ಬದಿಯಲ್ಲಿ ನಿಂತಿದ್ದನೆಂದು ಕೇಳದೆ ಇಬ್ಬರು ಕಾರ್ನರ್‌ಬ್ಯಾಕುಗಳನ್ನು ಹೋಲಿಸುವುದು ಸಲ್ಲದು.

ದಂಡದ ವಿಷಯವನ್ನಂತೂ ಬಹಳ ಮಂದಿ ಮರೆಯುತ್ತಾರೆ. ಸೋತುಹೋಗುವ ಕಾರ್ನರ್‌ಬ್ಯಾಕ್ ರಿಸೀವರನ ತೋಳು ಹಿಡಿದೆಳೆದರೆ ಅದು ಅಪರಾಧ. ವೃತ್ತಿಪರ ಆಟದಲ್ಲಿ ಅಪರಾಧ ನಡೆದ ಜಾಗಕ್ಕೇ ಚೆಂಡನ್ನು ಒಯ್ದು ಇಡುತ್ತಾರೆ, ಅದು 40 ಗಜವಾದರೂ ಸರಿ. ಕಾಲೇಜು ನಿಯಮದಲ್ಲಿ 15 ಗಜಕ್ಕೆ ಮಿತಿ. ಎಂದರೆ ಚತುರನಾದವನು ದೊಡ್ಡ ನಷ್ಟವನ್ನು ಚಿಕ್ಕ ದಂಡದಿಂದ ತಪ್ಪಿಸಿಕೊಳ್ಳಬಹುದು. ಮತ್ತು ಆ ಗಜಗಳು ‘ಇವನು ಬಿಟ್ಟುಕೊಟ್ಟ ಗಜಗಳು’ ಎಂಬ ಲೆಕ್ಕದಲ್ಲಿ ಸೇರುವುದೇ ಇಲ್ಲ. ಇದು ದೀಪ ತೋರಿಸಿ ಅದರ ಬುಡವನ್ನು ಮರೆಸಿದ ಹಾಗೆ.

ಕೊನೆಯದಾಗಿ ಎದುರಾಳಿಗಳ ಮಟ್ಟ. ಸಿನ್ಸಿನಾಟಿ ಆಗ ಅಗ್ರಪಂಕ್ತಿಯ ಒಕ್ಕೂಟಕ್ಕೆ ಸೇರಿದ ತಂಡವಾಗಿರಲಿಲ್ಲ. ದುರ್ಬಲರ ಮುಂದೆ ಯಾರು ಬೇಕಾದರೂ ಶೂರರೆಂಬ ಆಕ್ಷೇಪವಿತ್ತು. 2021ರ ಅಕ್ಟೋಬರಿನಲ್ಲಿ ನಾಟರ್ ಡೇಮ್ ತಂಡವನ್ನು ಅದರ ಊರಿನಲ್ಲಿಯೇ 24-13ರಿಂದ ಗೆದ್ದ ಮೇಲೂ ಆಕ್ಷೇಪ ಪೂರ್ತಿ ಅಡಗಲಿಲ್ಲ.

ಹಾಗಾದರೆ ಗಾರ್ಡನರನ ವಿಷಯದಲ್ಲಿ ಅನುಪಲಬ್ಧಿ ಪ್ರಮಾಣವಾದೀತೇ? ಆದೀತೆಂದೇ ನನ್ನ ಅಭಿಪ್ರಾಯ, ಮತ್ತು ಅದಕ್ಕೆ ಸಾಕ್ಷಿ ಬ್ರಯಾಂಟನೇ. ಮುಂದಿನ ಸಾಲು ಬಲವಾಗಿತ್ತೆಂದರೆ ಅದು ಇಬ್ಬರಿಗೂ ಸಮ. ಎದುರಾಳಿ ದುರ್ಬಲನೆಂದರೆ ಅದೂ ಇಬ್ಬರಿಗೂ ಸಮ. ಎಸೆಯುವುದಕ್ಕೆ ಸಮಯವಿತ್ತು, ಎಸೆಯುತ್ತಲೂ ಇದ್ದರು. ಆದರೆ ಬ್ರಯಾಂಟನ ಕಡೆಗೆ. ಕೋಣೆಯಲ್ಲಿ ಬೆಳಕಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ಒಬ್ಬನ ಮೌನವನ್ನು ಇನ್ನೊಬ್ಬನ ಮಾತಿನಿಂದ ಅಳೆಯಬೇಕಾಯಿತು.

ಇದ್ದಾಗ ಏನಾಯಿತು, ಇಲ್ಲದಾಗ ಏನಾಯಿತು ಎಂದು ನೋಡುವ ಅನ್ವಯ-ವ್ಯತಿರೇಕ ಇನ್ನೂ ಸುಲಭವಲ್ಲವೇ ಎಂದು ಕೇಳಬಹುದು. ಸುಲಭವೆಂದೇ ಅಪಾಯಕಾರಿ. ಮೇಲೆ ಹೇಳಿದ ಸ್ಟಿಂಗ್ಲಿ 2020ರ ಸೆಪ್ಟೆಂಬರಿನಲ್ಲಿ ಮಿಸಿಸಿಪಿ ಸ್ಟೇಟ್ ವಿರುದ್ಧದ ಪಂದ್ಯಕ್ಕೆ ಅಸ್ವಸ್ಥತೆಯಿಂದ ಗೈರುಹಾಜರಾದನು. ಅಂದು ಎದುರಾಳಿ ಕ್ವಾರ್ಟರ್‌ಬ್ಯಾಕ್ 623 ಗಜ ಎಸೆದು ಆ ಒಕ್ಕೂಟದ ದಾಖಲೆಯನ್ನೇ ಬರೆದನು. 44-34ರಲ್ಲಿ ಲೂಯಿಸಿಯಾನಾ ಸೋತಿತು. ಒಬ್ಬನಿಲ್ಲದ್ದಕ್ಕೆ ಇಷ್ಟು ಅನಾಹುತವೇ ಎಂದು ಉದ್ಗರಿಸಲು ಮನಸ್ಸಾಗುತ್ತದೆ. ಆದರೆ ಹಿಂದಿನ ವರ್ಷದ ವಿಜಯೀ ತಂಡದಿಂದ 14 ಮಂದಿ ಡ್ರಾಫ್ಟ್‌ನಲ್ಲಿ ಆಯ್ಕೆಯಾಗಿ ಹೊರಟುಹೋಗಿದ್ದರು, ರಕ್ಷಣೆಗೆ ಹೊಸ ತರಬೇತುದಾರರು ಬಂದಿದ್ದರು. ಸ್ಟಿಂಗ್ಲಿ ಮರಳಿ ಬಂದ ಮೇಲೂ ತಂಡ ಚೇತರಿಸಿಕೊಳ್ಳದೆ ಆ ವರ್ಷ 5 ಗೆದ್ದು 5 ಸೋತಿತು. ಹಸಿ ಸೌದೆ ಇಲ್ಲಿಯೂ ಇತ್ತು.

ಕಾಣುವ ಕೆಲಸಕ್ಕೆ ಜಗತ್ತು ಒಲಿಯುವುದು ಹೊಸತೇನಲ್ಲ. ಕಾಲೇಜು ಫುಟ್‌ಬಾಲಿನ ಪರಮ ಗೌರವವಾದ ಹೈಸ್‌ಮನ್ ಪ್ರಶಸ್ತಿಯನ್ನು 1997ರಲ್ಲಿ ಮಿಷಿಗನ್ನಿನ ಚಾರ್ಲ್ಸ್ ವುಡ್ಸನ್ ಪಡೆದನು; ಮುಖ್ಯವಾಗಿ ರಕ್ಷಣೆಯ ಆಟಗಾರನಾದವನಿಗೆ ಅದು ಸಂದದ್ದು ಅದೇ ಮೊದಲು. ಆತನ 8 ಇಂಟರ್‌ಸೆಪ್ಷನ್ ಸಾಮಾನ್ಯವಲ್ಲ. ಆದರೂ ಓಹಿಯೋ ಸ್ಟೇಟ್ ವಿರುದ್ಧ ಎದುರಾಳಿ ಒದ್ದ ಚೆಂಡನ್ನು ಹಿಡಿದು 78 ಗಜ ಓಡಿದ ದೃಶ್ಯವಿಲ್ಲದಿದ್ದರೆ ಮತಗಳು ಅಷ್ಟು ಬೀಳುತ್ತಿದ್ದವೇ ಎಂದು ನನಗೆ ಸಂದೇಹ. 2024ರಲ್ಲಿ ಅದೇ ಪ್ರಶಸ್ತಿ ಪಡೆದ ಕೊಲೊರಾಡೋದ ಟ್ರಾವಿಸ್ ಹಂಟರ್ ಕಾರ್ನರ್‌ಬ್ಯಾಕ್ ಹೌದು. ಆದರೆ ರಿಸೀವರನಾಗಿ 96 ಎಸೆತಗಳನ್ನು ಹಿಡಿದವನೂ ಹೌದು.

ಪ್ರಾಬಲ್ಯಕ್ಕೊಂದು ಎಲ್ಲೆಯಿದೆ ಎಂಬುದನ್ನು ಹೇಳದೆ ಬಿಟ್ಟರೆ ಪಕ್ಷಪಾತವಾದೀತು. 2021ರ ಡಿಸೆಂಬರ್ 31ರಂದು, ಅದುವರೆಗೆ ಸೋಲನ್ನೇ ಕಾಣದ ಸಿನ್ಸಿನಾಟಿ, ರಾಷ್ಟ್ರೀಯ ಉಪಾಂತ್ಯದಲ್ಲಿ ಅಲಬಾಮಾ ತಂಡವನ್ನು ಎದುರಿಸಿತು. ಅಲಬಾಮಾದವರು ಬಾಗಿಲಲ್ಲಿ ಕಾವಲಿದ್ದರೆ ಹಿತ್ತಿಲಿನಿಂದ ಬರುವವರಂತೆ ಚೆಂಡನ್ನು ಹೆಚ್ಚಾಗಿ ಕೈಯಲ್ಲಿ ಹಿಡಿದೇ ಓಡಿದರು. ಬ್ರಯಾನ್ ರಾಬಿನ್ಸನ್ ಒಬ್ಬನೇ 204 ಗಜ ಓಡಿದನು. ಫಲಿತಾಂಶ 27-6. ಗಾರ್ಡನರನ ಕಾವಲಿನಲ್ಲಿ ಅಂದೂ ಟಚ್‌ಡೌನ್ ಆಗಲಿಲ್ಲ. ತಂಡ ಮಾತ್ರ ಸೋತಿತು. ಒಬ್ಬ ಕಾರ್ನರ್‌ಬ್ಯಾಕ್ ಎದುರಾಳಿಯ ಒಂದು ದಾರಿಯನ್ನು ಮುಚ್ಚಬಲ್ಲ, ಎಲ್ಲ ದಾರಿಗಳನ್ನಲ್ಲ.

ವೃತ್ತಿಪರ ಆಟದ ಮೊದಲ ವರ್ಷದಲ್ಲಿ, 2022ರಲ್ಲಿ, ಹೊಸಬನೆಂದು ಗಾರ್ಡನರನನ್ನು ಪರೀಕ್ಷಿಸಲು ಕ್ವಾರ್ಟರ್‌ಬ್ಯಾಕುಗಳು ಅವನ ಕಡೆಗೆ ಧಾರಾಳವಾಗಿಯೇ ಎಸೆದರು. ಆತ ತಡೆದ ಎಸೆತಗಳು 20. ಆ ವರ್ಷ ಲೀಗಿನಲ್ಲಿ ಅದೇ ಅತಿ ಹೆಚ್ಚು. ರಕ್ಷಣೆಯ ಹೊಸಬರಲ್ಲಿ ಶ್ರೇಷ್ಠನೆಂಬ ಪ್ರಶಸ್ತಿಯೂ ಬಂದಿತು. ಕಾಲೇಜಿನಲ್ಲಿ ಬಾರದಿದ್ದ ಚೆಂಡು ಅಲ್ಲಿ ಬಂದಾಗ ಏನಾಗುತ್ತಿತ್ತೆಂಬುದು ಹೀಗೆ ಗೊತ್ತಾಯಿತು.

ಇಷ್ಟೆಲ್ಲ ಆದ ಮೇಲೆ ಥಾರ್ಪ್ ಪ್ರಶಸ್ತಿ ಯಾರಿಗೆ ಸಲ್ಲಬೇಕಾಗಿತ್ತೆಂಬ ವಾದ ನಮ್ಮಿಬ್ಬರಲ್ಲಿ ಉಳಿದಿದೆ. ಶಿಷ್ಯನು ಗಾರ್ಡನರನಿಗೇ ಎನ್ನುತ್ತಾನೆ. ನಾನು ಮೊದಲು ಅವನ ಪಕ್ಷವನ್ನೇ ಹಿಡಿದಿದ್ದವನು ಈಗ ಅಷ್ಟು ಬೇಗ ಒಪ್ಪುತ್ತಿಲ್ಲ. ಹೆದರಿಕೆಯಿಲ್ಲದೆ ಎದುರಾಳಿಗಳೆಲ್ಲ ತನ್ನ ಮೇಲೆಯೇ ಎಸೆಯುವರೆಂದು ತಿಳಿದೂ ವಾರವಾರವೂ ಅದೇ ಅಂಚಿನಲ್ಲಿ ನಿಂತು, ಬಂದ ಚೆಂಡನ್ನೆಲ್ಲ ತಟ್ಟಿ ಕೆಡವಿದ ಹುಡುಗನಿಗೂ ಏನಾದರೂ ಸಲ್ಲಬೇಡವೇ? ಮೊನ್ನೆ ದೂರವಾಣಿಯಲ್ಲಿ ಇದನ್ನೇ ಹೇಳಿದೆ. “ಮುಂದಿನ ಬೇಸಿಗೆಗೆ ಬರುತ್ತೇನೆ ಗುರುಗಳೇ, ಬ್ರಯಾಂಟ್ ಆಡಿದ ಪಂದ್ಯಗಳನ್ನೂ ತರುತ್ತೇನೆ, ಕೂತು ನೋಡೋಣ” ಎಂದನು.