ಮಗು ಕಥೆ ಹೇಳದಿದ್ದರೆ ತಪ್ಪು ಚಿತ್ರದ್ದೂ ಆಗಿರಬಹುದು

ಮೇಜಿನ ಮೇಲೊಂದು ಪಿಟೀಲು. ಅದನ್ನೇ ನೋಡುತ್ತಾ ಕೂತ ಒಬ್ಬ ಹುಡುಗ. ಕಪ್ಪು-ಬಿಳುಪು ಚಿತ್ರ. ‘ಇದನ್ನು ನೋಡಿ ಒಂದು ಕಥೆ ಹೇಳು’ ಅಂತ ಮನಶ್ಶಾಸ್ತ್ರಜ್ಞರು ಮಗುವಿಗೆ ಹೇಳುತ್ತಾರೆ. ಪಿಟೀಲನ್ನೇ ಕಾಣದ ಮಗು ‘ಗೊತ್ತಿಲ್ಲ’ ಅಂದು ಸುಮ್ಮನಾಗುತ್ತದೆ. ಹಾಗಾದರೆ ಆ ಮಗು ದಡ್ಡನೇ? ಮನಸ್ಸಿನಲ್ಲಿ ಏನೋ ತೊಂದರೆ ಉಂಟೇ?

ಈ ಚಿತ್ರ ಇರುವುದು ಅಮೆರಿಕದ ಹಾರ್ವರ್ಡ್‌ನಲ್ಲಿ ಹೆನ್ರಿ ಮರ್ರೆ ಮತ್ತು ಕ್ರಿಸ್ಟಿಯಾನಾ ಮಾರ್ಗನ್ 1930ರ ದಶಕದಲ್ಲಿ ರೂಪಿಸಿದ ಟಿ.ಎ.ಟಿ. ಪರೀಕ್ಷೆಯಲ್ಲಿ. ಅದರ ಹಿಂದಿನ ವಿಚಾರ ಸರಳ. ‘ನಿನಗೇನು ಹೆದರಿಕೆ?’ ಅಂತ ನೇರವಾಗಿ ಕೇಳಿದರೆ ಮಕ್ಕಳು ಬಾಯಿ ಬಿಡುವುದಿಲ್ಲ. ಆದರೆ ಚಿತ್ರದಲ್ಲಿರುವ ಬೇರೆ ಯಾರದೋ ಕಥೆ ಹೇಳುವಾಗ ತಮ್ಮದೇ ಭಯ, ಸಿಟ್ಟು, ಆಸೆ ಅದರೊಳಗೆ ಬಂದುಬಿಡುತ್ತದೆ. 1949ರಲ್ಲಿ ಲಿಯೊಪೋಲ್ಡ್ ಬೆಲ್ಲಾಕ್ ಸಣ್ಣ ಮಕ್ಕಳಿಗಾಗಿ ಪ್ರಾಣಿಗಳ ಚಿತ್ರಗಳಿರುವ ಸಿ.ಎ.ಟಿ. ತಂದರು. ಭಾರತದಲ್ಲಿ ಉಮಾ ಚೌಧುರಿ ನಮ್ಮ ದೇಶದ ಜನಜೀವನಕ್ಕೆ ಹೊಂದುವ ಹಾಗೆ ಟಿ.ಎ.ಟಿ.ಯನ್ನು ಮಾರ್ಪಡಿಸಿದರು.

ಆದರೆ ಚಿತ್ರದೊಳಗಿನ ಮನೆ, ಬಟ್ಟೆ, ಮುಖ ಯಾವುದೂ ತನ್ನದಲ್ಲ ಅಂತ ಮಗುವಿಗೆ ಅನ್ನಿಸಿದರೆ ಕಥೆ ಎಲ್ಲಿಂದ ಬರಬೇಕು? ಅಮೆರಿಕದಲ್ಲಿ 1949ರಲ್ಲೇ ಚಾರ್ಲ್ಸ್ ಥಾಂಪ್ಸನ್ ಟಿ.ಎ.ಟಿ. ಚಿತ್ರಗಳಲ್ಲಿ ಕರಿಯ ಜನರನ್ನು ಬರೆಸಿ ನೋಡಿದರು. ಅದರ ಉಪಯೋಗ ಎಷ್ಟು ಅನ್ನುವುದರಲ್ಲಿ ನಂತರದ ಸಂಶೋಧನೆಗಳು ಒಮ್ಮತಕ್ಕೆ ಬರಲಿಲ್ಲ. ಬಣ್ಣ ಬದಲಾದರೆ ಸಾಲದು, ಬದುಕೂ ಚಿತ್ರಕ್ಕೆ ಬರಬೇಕಿತ್ತು.

ನ್ಯೂಯಾರ್ಕಿನಲ್ಲಿ ಪೋರ್ಟೊರಿಕೊ ಮೂಲದ, ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುವ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದ ಜುಸೆಪ್ಪೆ ಕೋಸ್ಟಾಂಟಿನೊ ಇದನ್ನು ಗಮನಿಸಿದರು. ಹಳೆಯ ಚಿತ್ರಗಳಿಗೆ ಎರಡೇ ಮಾತಲ್ಲಿ ಉತ್ತರ ಮುಗಿಸುವ ಮಕ್ಕಳು ತಮ್ಮ ಬೀದಿ, ತಮ್ಮ ಅಂಗಡಿ, ತಮ್ಮಂಥ ಮುಖ ಕಂಡಾಗ ಉದ್ದುದ್ದ ಕಥೆ ಹೇಳತೊಡಗಿದರು. ಹೀಗೆ ಹುಟ್ಟಿದ್ದು ‘ಟೆಮಾಸ್’. ಸ್ಪ್ಯಾನಿಷ್‌ನಲ್ಲಿ ಇದರರ್ಥ ‘ವಿಷಯಗಳು’. ‘ನನಗೊಂದು ಕಥೆ ಹೇಳು’ ಎಂಬ ಇಂಗ್ಲಿಷ್ ಮಾತಿನ ಮೊದಲ ಅಕ್ಷರಗಳೂ ಹೌದು. ರಾಬರ್ಟ್ ಮಲ್ಗಾಡಿ, ಲಾಯ್ಡ್ ರಾಗ್ಲರ್ ಜೊತೆ ಸೇರಿ 1988ರಲ್ಲಿ ಇದರ ಕೈಪಿಡಿ ಪ್ರಕಟಿಸಿದರು.

ಇದರ 23 ಕಾರ್ಡುಗಳೂ ಬಣ್ಣದ್ದು. ಹಿಸ್ಪಾನಿಕ್ ಮತ್ತು ಕರಿಯ ಮಕ್ಕಳಿಗೆ ಒಂದು ಸೆಟ್, ಬಿಳಿಯ ಮಕ್ಕಳಿಗೆ ಇನ್ನೊಂದು. ಪ್ರತಿ ಚಿತ್ರದಲ್ಲೂ ಮಗು ದಿನಾ ಎದುರಿಸುವ ಒಂದು ಇಕ್ಕಟ್ಟು. ತಾಯಿ ಕೆಲಸ ಹೇಳುತ್ತಿದ್ದಾಳೆ, ಆ ಕಡೆ ಗೆಳೆಯರು ಆಟಕ್ಕೆ ಕರೆಯುತ್ತಿದ್ದಾರೆ. ಹುಂಡಿಯಲ್ಲಿ ದುಡ್ಡು ಉಂಟು, ಕೂಡಿಟ್ಟು ಸೈಕಲ್ ತಗೊಳ್ಳುವುದೋ ಈಗಲೇ ಐಸ್‌ಕ್ರೀಂ ತಿನ್ನುವುದೋ? ಮಗು ಕಥೆಯನ್ನು ಹೇಗೆ ಮುಗಿಸುತ್ತದೆ ಅನ್ನುವುದರಿಂದ ಸಿಟ್ಟಿನ ಹಿಡಿತ, ಆತಂಕ, ತಾಳ್ಮೆ, ತನ್ನ ಬಗ್ಗೆ ಇರುವ ಭಾವನೆಯನ್ನು ಅಳೆಯುತ್ತಾರೆ. ಮಗು ಯಾವ ಭಾಷೆಯಲ್ಲಿ ಹೇಳಲು ಇಷ್ಟಪಡುತ್ತದೋ ಅದರಲ್ಲೇ ಹೇಳಬಹುದು.

ಇದೇ ತಂಡ ತಾಯಂದಿರನ್ನೂ ಕೂರಿಸಿಕೊಂಡು ಪೋರ್ಟೊರಿಕೊದ ಜನಪದ ಕಥೆಗಳನ್ನು ಮಕ್ಕಳಿಗೆ ಹೇಳಿಸಿತು. ಆ ಮಕ್ಕಳಲ್ಲಿ ಆತಂಕ ಕಡಿಮೆಯಾದದ್ದನ್ನು 1986ರಲ್ಲಿ ವರದಿ ಮಾಡಿತು.

ನಮಗೂ ಇದರಲ್ಲಿ ಪಾಠ ಉಂಟು. ನಮ್ಮ ಮಗು ಉಮ್ಮನ ಹತ್ತಿರ ಬ್ಯಾರಿಯಲ್ಲಿ ಪಟಪಟ ಮಾತಾಡುತ್ತದೆ, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್‌ಗೆ ತಡವರಿಸುತ್ತದೆ. ‘ಮಗು ಮಂದ’ ಅಂತ ಯಾರಾದರೂ ಹೇಳಿದರೆ ಗಾಬರಿ ಬೇಡ, ನಾಚಿಕೆಯೂ ಬೇಡ. ಪರೀಕ್ಷೆ ಯಾವ ಭಾಷೆಯಲ್ಲಿ ಆಯ್ತು, ಚಿತ್ರಗಳು ನಮ್ಮ ಮಕ್ಕಳಿಗೆ ಪರಿಚಯದ್ದೇ, ಒಂದೇ ಪರೀಕ್ಷೆಯಿಂದ ತೀರ್ಮಾನಿಸಿದ್ದಾರೆಯೇ ಅಂತ ಕೇಳಿ. ‘ನಾವು ಮನೆಯಲ್ಲಿ ಬ್ಯಾರಿ ಮಾತಾಡುವುದು’ ಅಂತ ಮೊದಲೇ ಹೇಳಿ.

ಇನ್ನೊಂದು ಮಾತು. ಕಥೆ ಹೇಳಿಸುವ ಪರೀಕ್ಷೆಗಳು ಎಷ್ಟು ನಂಬಿಕೆಗೆ ಅರ್ಹ ಅನ್ನುವ ಚರ್ಚೆ ಮನಶ್ಶಾಸ್ತ್ರಜ್ಞರಲ್ಲೇ ಉಂಟು. ತರಬೇತಿ ಇಲ್ಲದವರು ಮನೆಯಲ್ಲಿ ಮಾಡಿ ನೋಡುವಂಥದ್ದೂ ಅಲ್ಲ. ಆದರೆ ರಾತ್ರಿ ಮಲಗುವ ಮುಂಚೆ ‘ಇವತ್ತು ನೀನೇ ಒಂದು ಕಥೆ ಹೇಳು’ ಅನ್ನಲು ಯಾವ ತರಬೇತಿಯೂ ಬೇಡ. ನಡುವೆ ತಿದ್ದಬೇಡಿ, ಸುಮ್ಮನೆ ಕೇಳಿ. ನೇರವಾಗಿ ಕೇಳಿದಾಗ ಹೇಳದೇ ಇದ್ದ ಮಾತು ಆ ಕಥೆಯಲ್ಲಿ ಬರಬಹುದು.