ಮೊದಲು ಏಳಿರಿ, ಹುರುಪು ಹಿಂದೆ ಬರುತ್ತದೆ



‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂಬ ಗಾದೆಯನ್ನು ತಾವೆಲ್ಲ ಬಲ್ಲಿರಿ. ಹಿರಿಯರು ಇದನ್ನು ಹಣದ ವಿಷಯದಲ್ಲಿ ಹೇಳಿದರು. ಆದರೆ ಮೈಯ ಬಲಕ್ಕೂ ಈ ಮಾತು ಅಷ್ಟೇ ಒಪ್ಪುತ್ತದೆ.

2019ರಲ್ಲಿ ನಾನು ಬ್ಯಾಂಕಿನಿಂದ ನಿವೃತ್ತನಾದೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು, ಎಲ್ಲರಂತೆ ಮನೆ ಹಿಡಿದೆ. ಲಾಕ್‌ಡೌನ್ ಮುಗಿದರೂ ನಾನು ಕುರ್ಚಿ ಬಿಡಲಿಲ್ಲ. 2022ರ ನವೆಂಬರಿನಲ್ಲಿ ಪಿಂಚಣಿಗಾಗಿ ಜೀವಂತ ಇರುವ ಪ್ರಮಾಣಪತ್ರ ಕೊಡಲು ಹೋದಾಗ, ಹತ್ತು ಮೆಟ್ಟಿಲು ಏರುವಷ್ಟರಲ್ಲಿ ಏದುಸಿರು ಬಂತು. ಬದುಕಿದ್ದೇನೆಂದು ಸಹಿ ಮಾಡುವ ಕೈಯೇ ನಡುಗುತ್ತಿತ್ತು. ಡಾಕ್ಟರು ಪರೀಕ್ಷಿಸಿ, ‘ಬೇರೆ ರೋಗವಿಲ್ಲ, ಕೂತದ್ದೇ ರೋಗ’ ಎಂದರು.

ಕೂತರೆ ಇಷ್ಟೊಂದು ಹಾನಿಯೇ? 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ, 20ರ ಆಸುಪಾಸಿನ ಐದು ಜನ ತರುಣರನ್ನು 3 ವಾರ ಹಾಸಿಗೆಯಲ್ಲೇ ಇರಿಸಿ ಪರೀಕ್ಷಿಸಿದರು. ಅವರ ದಮ್ಮು ಕಾಲುಭಾಗಕ್ಕಿಂತ ಹೆಚ್ಚು ಇಳಿದಿತ್ತು. 30 ವರ್ಷಗಳ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, 3 ವಾರದ ಹಾಸಿಗೆ ಕಸಿದಷ್ಟನ್ನು 30 ವರ್ಷದ ವಯಸ್ಸು ಕಸಿದಿರಲಿಲ್ಲ. ಸಂತೋಷದ ಸಂಗತಿಯೆಂದರೆ, 6 ತಿಂಗಳು ಮೆಲ್ಲಗೆ ವ್ಯಾಯಾಮ ಹೆಚ್ಚಿಸಿದ ಮೇಲೆ, ವಯಸ್ಸಿನಿಂದ ಕಳೆದಿದ್ದ ದಮ್ಮು ಮರಳಿ ಬಂತು.

‘ಸರಿ, ಆದರೆ ಏಳಲು ಮನಸ್ಸೇ ಆಗುವುದಿಲ್ಲವಲ್ಲ’ ಎನ್ನುವಿರಿ. ನಾನೂ ಹಾಗೆಯೇ ಅನ್ನುತ್ತಿದ್ದೆ. ಆಗ ತಂದೆಯವರ ನೆನಪಾಯಿತು.

1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ಕಿಲ್ಲಾರಿಯಂತೆ, ಆಗ ಉಮರಗಾ ತಾಲೂಕಿನಲ್ಲಿದ್ದ ನಮ್ಮ ಸಾಸ್ತೂರವೂ ನೆಲಸಮವಾಯಿತು. ಕಲ್ಲು-ಮಣ್ಣಿನ ದಪ್ಪ ಗೋಡೆಗಳು ಮಲಗಿದ್ದವರ ಮೇಲೆಯೇ ಬಿದ್ದವು. ಉಳಿದವರು ತಗಡಿನ ಶೆಡ್ಡು ಸೇರಿದೆವು. ತಂದೆಯವರು ಶೆಡ್ಡಿನ ಮುಂದೆ ಬಾಜಿನ ಮೇಲೆ ತಿಂಗಳುಗಟ್ಟಲೆ ಕೂತರು. ‘ಕಾಲಾಗ ಜೀವ ಇಲ್ಲ’ ಎನ್ನುತ್ತಿದ್ದರು. ಹಿಂಗಾರಿ ಜೋಳ ತೆನೆಗೆ ಬಂದಾಗ ಹಕ್ಕಿ ಕಾಯಲು ಆಳು ಸಿಗಲಿಲ್ಲ. ತಾಯಿಯವರು ಕವಣೆ ತಂದು ಅವರ ಕೈಗಿಟ್ಟು, ‘ಕೂತೇ ಕಾಯ್ರಿ, ಆದ್ರ ಹೊಲದಾಗ ಕೂತು ಕಾಯ್ರಿ’ ಎಂದರು. ಮೊದಲ ದಿನ ದಾರಿಯಲ್ಲಿ ನಾಲ್ಕು ಸಲ ಕೂತು ಹೋದರು. ರಾಶಿಯ ಹೊತ್ತಿಗೆ ತೆನೆ ಹೊರುತ್ತಿದ್ದರು. ಹುರುಪು ಬಂದ ಮೇಲೆ ಅವರು ಎದ್ದದ್ದಲ್ಲ. ಎದ್ದ ಮೇಲೆ ಹುರುಪು ಬಂತು.

ನಾನು ಅನುಸರಿಸಿದ ಕ್ರಮ ಸರಳ. ಮೊದಲ ವಾರ ಮುಂಜಾನೆ 5 ನಿಮಿಷ, ಸಂಜೆ 5 ನಿಮಿಷ ನಡಿಗೆ. ಪ್ರತಿ ವಾರ 2 ನಿಮಿಷ ಹೆಚ್ಚು. ಕೈಯೂರದೆ ಕುರ್ಚಿಯಿಂದ ಏಳುವುದು ದಿನಕ್ಕೆ 10 ಸಲ. ಇದರಿಂದ ತೊಡೆಗೆ ಬಲ ಬರುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಬಿಸಿಲೇರುವ ಮುಂಚೆ ನಡಿಗೆ ಮುಗಿಸಬೇಕು. ನಡೆದದ್ದನ್ನು ಬ್ಯಾಂಕಿನ ಲೆಡ್ಜರಿನಂತೆ ನೋಟ್‌ಬುಕ್ಕಿನಲ್ಲಿ ಜಮಾ ಬರೆಯುತ್ತೇನೆ. ವಾರಕ್ಕೆ ಕನಿಷ್ಠ 150 ನಿಮಿಷ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅಲ್ಲಿಗೆ ಒಮ್ಮೆಲೇ ಜಿಗಿಯಬೇಡಿರಿ. ಒಂದು ದಿನ ತಪ್ಪಿದರೆ ಖಾತೆ ಮುಚ್ಚಬೇಡಿರಿ. ಸಾಧ್ಯವಾದರೆ ನಡಿಗೆಗೆ ಒಂದು ಕೆಲಸ ಜೋಡಿಸಿರಿ: ಹಾಲು ತರುವುದು, ಮೊಮ್ಮಗನನ್ನು ಶಾಲೆಗೆ ಬಿಡುವುದು. ಕಾಯುವವರಿದ್ದರೆ ಕಾಲು ತಾನಾಗಿ ಏಳುತ್ತದೆ.

ಒಂದು ಎಚ್ಚರಿಕೆ. ನಡೆಯುವಾಗ ಎದೆನೋವು, ತಲೆಸುತ್ತು ಬಂದರೆ ನಿಲ್ಲಿಸಿ ಡಾಕ್ಟರರನ್ನು ಕಾಣಿರಿ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆಗಳಿಂದಲೂ ದಣಿವು ಬರುತ್ತದೆ. ಎರಡು ವಾರ ದಾಟಿದರೂ ಮನಸ್ಸು ಕತ್ತಲಾಗಿಯೇ ಇದ್ದರೆ ಅದು ಸೋಮಾರಿತನವಲ್ಲ, ಕಾಯಿಲೆ ಇರಬಹುದು. ಸರಕಾರದ ಟೆಲಿ ಮಾನಸ್ ಸೇವೆಯ 14416 ನಂಬರಿಗೆ ಹಗಲು ರಾತ್ರಿ ಪುಕ್ಕಟೆ ಫೋನ್ ಮಾಡಬಹುದು. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಮಾತನಾಡುತ್ತಾರೆ.

ಮರುವರ್ಷ ನವೆಂಬರಿನಲ್ಲಿ ಅದೇ ಮೆಟ್ಟಿಲುಗಳನ್ನು ನಿಲ್ಲದೆ ಏರಿದೆ. ಸಹಿ ನೆಟ್ಟಗೆ ಬಂತು. ಓದುಗರೇ, ಈ ಪುಟ ಮುಗಿಯಿತು. ಪುಸ್ತಕ ಕೆಳಗಿಟ್ಟು ಅಂಗಳದವರೆಗೆ ಹೋಗಿ ಬನ್ನಿರಿ.