ಕರೆಂಟ್ ಹೋದ ಮಾತ್ರಕ್ಕೆ ತಂತಿ ಸತ್ತಿರುವುದಿಲ್ಲ

ಮುಂಗಾರಿಗೆ ಮೊದಲಿನ ಮಳೆ ಬೆಂಗಳೂರಿಗೆ ಗಾಳಿಯನ್ನು ಮುಂದೆ ಮಾಡಿಕೊಂಡೇ ಬರುತ್ತದೆ. ಮಾಗಡಿ ರಸ್ತೆಯ ಹೇರೋಹಳ್ಳಿ, ಅಂದ್ರಹಳ್ಳಿ, ಸುಂಕದಕಟ್ಟೆ ಕಡೆಯ ಇಕ್ಕಟ್ಟಾದ ಅಡ್ಡರಸ್ತೆಗಳಲ್ಲಿ ಮರ ಉರುಳಿದರೆ ಪಾಲಿಕೆಯ ಗಾಡಿಗಿಂತ ಮೊದಲು ಬೀದಿಯವರೇ ಮಚ್ಚು, ಹಗ್ಗ, ಟಾರ್ಚ್ ಹಿಡಿದು ಇಳಿಯುತ್ತಾರೆ. 2024ರ ಜೂನ್ 2ರಂದು ನಗರದಲ್ಲಿ 111.1 ಮಿಲಿಮೀಟರ್ ಮಳೆ ಸುರಿದು, ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 1891ರ ದಾಖಲೆ ಮುರಿಯಿತು. ಅಂಥ ಮಳೆಯಲ್ಲಿ ಹಲವು ಮರಗಳು ಒಂದೇ ಸಂಜೆ ಬಿದ್ದಾಗ ಯಾವ ಇಲಾಖೆಯ ಸಿಬ್ಬಂದಿಯೂ ಎಲ್ಲ ಬೀದಿಗೂ ಒಟ್ಟಿಗೆ ತಲುಪಲಾರರು. ಪಟ್ಟಣದಲ್ಲಿ ಯಾರೂ ಯಾರಿಗೂ ಆಗುವುದಿಲ್ಲ ಎಂಬುದು ತಪ್ಪು ಕಲ್ಪನೆ. ವಿಪತ್ತಿನ ಮೊದಲ ಗಂಟೆಗಳಲ್ಲಿ ಕೈಗೆ ಸಿಗುವವರು ಎಲ್ಲ ಕಡೆಯೂ ನೆರೆಯವರೇ.

ಆ ನೆರೆಯವರ ಪ್ರಾಣಕ್ಕೇ ಎರವಾಗುವ ಇನ್ನೊಂದು ನಂಬಿಕೆ ಇದೆ. ಕೊಂಬೆಯಡಿ ತಂತಿ ಸಿಕ್ಕಿಕೊಂಡಿರುತ್ತದೆ, ಬೀದಿಯೆಲ್ಲ ಕತ್ತಲು. ಗುಂಪಿನಲ್ಲಿ ಒಬ್ಬರು ಹೇಳಿಯೇ ಹೇಳುತ್ತಾರೆ: ‘ಕರೆಂಟ್ ಹೋಗಿದೆಯಲ್ಲ, ಎಳೆದು ಪಕ್ಕಕ್ಕೆ ಹಾಕ್ರಪ್ಪ.’

ಮನೆಯ ದೀಪ ಆರಿದ ಮಾತ್ರಕ್ಕೆ ತಂತಿಯಲ್ಲಿ ವಿದ್ಯುತ್ ಇಲ್ಲವೆಂದು ಅರ್ಥವಲ್ಲ. ಮೂರು ಫೇಸ್‌ಗಳಲ್ಲಿ ಒಂದರ ಫ್ಯೂಸ್ ಹೋದರೂ ಆ ಫೇಸ್‌ನ ಮನೆಗಳು ಕತ್ತಲಾಗುತ್ತವೆ, ಉಳಿದೆರಡು ತಂತಿಗಳಲ್ಲಿ ವಿದ್ಯುತ್ ಹರಿಯುತ್ತಲೇ ಇರುತ್ತದೆ. ತುಂಡಾದ ತಂತಿ ಡಾಂಬರಿನ ಮೇಲೆ ಬಿದ್ದಾಗ ನೆಲಕ್ಕೆ ಹರಿಯುವ ಪ್ರವಾಹ ಎಷ್ಟೋ ಸಲ ಬಹಳ ಕಡಿಮೆ. ಉಪಕೇಂದ್ರದ ಬ್ರೇಕರ್‌ಗೆ ಅದು ಗೊತ್ತೇ ಆಗುವುದಿಲ್ಲ. ಬ್ರೇಕರ್ ಬಿದ್ದರೂ ದೋಷ ತಾತ್ಕಾಲಿಕವೇ ಎಂದು ನೋಡಲು ಸ್ವಲ್ಪ ಹೊತ್ತಿನಲ್ಲಿ ಫೀಡರನ್ನು ಮತ್ತೆ ಚಾಲೂ ಮಾಡುವುದುಂಟು. ಎಲ್ಲಕ್ಕಿಂತ ಮೋಸದ ದಾರಿ ಜನರೇಟರ್‌ನದು. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜೋಡಿಸಿದ ಒಂದು ಜನರೇಟರ್ ಸಾಕು, ವಿದ್ಯುತ್ ಕಂಬಕ್ಕೆ ಹಿಂದಿರುಗುತ್ತದೆ. ಟ್ರಾನ್ಸ್‌ಫಾರ್ಮರ್ ಎರಡೂ ದಿಕ್ಕಿಗೆ ಕೆಲಸ ಮಾಡುವುದರಿಂದ ಆಚೆ ಬದಿಯಲ್ಲಿ 11,000 ವೋಲ್ಟ್ ಎದ್ದು ನಿಲ್ಲಬಹುದು. ಲೈನ್‌ಮನ್‌ಗಳು ವಿದ್ಯುತ್ ನಿಲ್ಲಿಸಿ ಕೆಲಸಕ್ಕೆ ಕೊಡುವ ಅನುಮತಿ, ಅಂದರೆ ಲೈನ್ ಕ್ಲಿಯರ್, ಪಡೆದ ಮೇಲೂ ತಂತಿಗೆ ಅರ್ತಿಂಗ್ ಕೊಟ್ಟೇ ಕೈಹಾಕಬೇಕೆಂಬ ನಿಯಮ ಇರುವುದು ಇದಕ್ಕಾಗಿಯೇ. ದಿನವೂ ಅದೇ ಕೆಲಸ ಮಾಡುವವರಿಗೇ ಇಷ್ಟು ಎಚ್ಚರ ಬೇಕಾದರೆ, ಮಳೆಯಲ್ಲಿ ನೆನೆದು ನಿಂತವರು ಊಹೆಯ ಮೇಲೆ ತಂತಿ ಹಿಡಿಯುವುದನ್ನು ಧೈರ್ಯವೆಂದು ಹೊಗಳಬಾರದು.

ಬಿದ್ದ ತಂತಿ ಏನು ಮಾಡಬಲ್ಲದೆಂಬುದನ್ನು ಬೆಂಗಳೂರು ಕಂಡಿದೆ. 2023ರ ನವೆಂಬರ್ 19ರ ನಸುಕಿನಲ್ಲಿ ವೈಟ್‌ಫೀಲ್ಡ್ ಬಳಿಯ ಹೋಪ್ ಫಾರ್ಮ್ ಜಂಕ್ಷನ್‌ನಲ್ಲಿ ಪಾದಚಾರಿ ಮಾರ್ಗದ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿ ಮತ್ತು ಒಂಬತ್ತು ತಿಂಗಳ ಮಗು ಸತ್ತರು. ಬಿಡಿಸಲು ಹೋದ ತಂದೆಗೂ ಗಾಯಗಳಾದವು.

ಒಣ ಕೋಲಿನಿಂದ ಸರಿಸಬಹುದು, ರಬ್ಬರ್ ಚಪ್ಪಲಿ ಕಾಪಾಡುತ್ತದೆ ಎಂಬವೂ ಇದೇ ಜಾತಿಯ ಮಾತುಗಳು; ಮಳೆಯಲ್ಲಿ ಕೋಲು ಒಣಗಿರುವುದಿಲ್ಲ, ಚಪ್ಪಲಿ 11,000 ವೋಲ್ಟ್ ತಡೆಯುವುದಿಲ್ಲ. ಅದು ಕೇಬಲ್ ಟಿವಿ ವೈರ್ ಅಷ್ಟೇ ಎನ್ನುವುದಕ್ಕೂ ಭರವಸೆ ಇಲ್ಲ, ಏಕೆಂದರೆ ಕಂಬ ಬಿದ್ದಾಗ ಎಲ್ಲ ವೈರುಗಳೂ ಒಂದಕ್ಕೊಂದು ಸುತ್ತಿಕೊಂಡಿರುತ್ತವೆ. ‘ಹೋದ ವರ್ಷ ನಾವೇ ಎಳೆದು ಹಾಕಿದ್ವಿ, ಏನೂ ಆಗಲಿಲ್ಲ’ ಎಂಬುದು ಪುರಾವೆಯಲ್ಲ, ಅದೃಷ್ಟ. ಚಂಡಮಾರುತ ಬರುತ್ತಿದೆಯೆಂಬ ವಾಟ್ಸ್‌ಆ್ಯಪ್ ಆಡಿಯೋವನ್ನು ಯಾರು ಕಳಿಸಿದರೆಂದೂ ಕೇಳದೆ ನಂಬುವ ಮನೆಗಳಲ್ಲಿ ವಿದ್ಯುತ್ ಸರಬರಾಜು ಕಂಪನಿ ಬೆಸ್ಕಾಂನ ಸಹಾಯವಾಣಿ 1912 ಯಾರ ಫೋನಿನಲ್ಲೂ ಇರುವುದಿಲ್ಲ. ಕೇಳಿದ್ದನ್ನು ಪರೀಕ್ಷಿಸದೆ ಒಪ್ಪುವ ಈ ರೂಢಿ ಬಿರುಗಾಳಿಗಿಂತ ಹೆಚ್ಚು ಕಾಲ ಬೀದಿಯಲ್ಲಿ ಉಳಿಯುತ್ತದೆ.

ತಂತಿಯಿಂದ ಕನಿಷ್ಠ ಮೂವತ್ತು ಅಡಿ ದೂರ ನಿಂತು, ಬೀದಿಯ ಎರಡೂ ತುದಿಯಲ್ಲಿ ಜನರನ್ನು ತಡೆದು, ಹತ್ತಿರದ ಕಂಬದ ಸಂಖ್ಯೆ ಸಹಿತ 1912ಕ್ಕೆ ತಿಳಿಸುವುದು ಮೊದಲ ಕೆಲಸ. ಕಾರಿನ ಮೇಲೆ ತಂತಿ ಬಿದ್ದಿದ್ದರೆ, ಬೆಂಕಿ ಹೊತ್ತದ ಹೊರತು, ಒಳಗಿನವರು ಇಳಿಯಬಾರದು. ಬೀದಿಯ ಕೆಲಸ ಇಷ್ಟಕ್ಕೇ ನಿಲ್ಲುವುದಿಲ್ಲ: ನೆಲಮಹಡಿಗೆ ನುಗ್ಗಿದ ನೀರು ಹೊರಹಾಕುವುದು, ಶೀಟ್ ಹಾರಿಹೋದ ಮನೆಯವರಿಗೆ ರಾತ್ರಿ ಜಾಗ ಕೊಡುವುದು, ಒಂಟಿ ವೃದ್ಧರ ಬಾಗಿಲು ತಟ್ಟುವುದು ಇವೆಲ್ಲ ತಂತಿಯಿಂದ ದೂರದಲ್ಲೇ ಆಗುತ್ತವೆ. ನೆರವಿಗೆ ಹಳೆ ಬಟ್ಟೆಯ ಮೂಟೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಟಾರ್ಪಾಲು, ಕುಡಿಯುವ ನೀರು, ಚಾರ್ಜ್ ಆದ ಪವರ್‌ಬ್ಯಾಂಕ್ ಬೇಕಾಗುತ್ತವೆ. ಲೈನ್‌ಮನ್ ಅರ್ತಿಂಗ್ ಕೊಟ್ಟು ಸರಿ ಎಂದ ಮೇಲೆ ಮಚ್ಚು, ಹಗ್ಗಗಳ ಸರದಿ.